ಕೋಲಾರ ಸೀಮೆಯ ಮೇಕೆಗಳಿಗೆ ಜಂತುಹುಳು ಕಾಟ: ರೋಗ ತಿಳಿಸುವ ಕಣ್ಣಿನ ಬಣ್ಣ

ಕೋಲಾರ: ಆಗಸ್ಟ್‌ನಿಂದ ಅಕ್ಟೋಬರ್‌ವರೆಗಿನ ಮಳೆಗೆ ಕೋಲಾರ, ಮಾಲೂರು, ಮುಳಬಾಗಿಲು ಮತ್ತು ಶ್ರೀನಿವಾಸಪುರ ತಾಲ್ಲೂಕುಗಳ ಬೀಳು, ಮಾವಿನ ತೋಪು, ಕೆರೆಯಂಗಳಗಳು ಹಸಿರಾಗುತ್ತವೆ. ಮೇಕೆ ಸಾಕುವವರ ಮೇವಿನ ಚಿಂತೆ ಕಳೆಯುವ ಈ ಕಾಲವೇ ಜಂತುಹುಳುಗಳಿಗೂ ಸುಗ್ಗಿ.

ಮೇಕೆಯ ಹೊಟ್ಟೆ, ಕರುಳುಗಳಲ್ಲಿ ಹಲವು ಬಗೆಯ ಹುಳುಗಳಿರುತ್ತವೆ. ಅವುಗಳಲ್ಲಿ ಹೆಚ್ಚು ಸಾವಿಗೆ ಕಾರಣವಾಗುವುದು ಹೀಮಾಂಕಸ್ ಕಂಟಾರ್ಟಸ್ ಎಂಬ ರಕ್ತ ಹೀರುವ ಹುಳು. ಮೆಲುಕು ಹಾಕುವ ಪ್ರಾಣಿಗಳ ನಾಲ್ಕನೆಯ ಹೊಟ್ಟೆ ಅದರ ನೆಲೆ. ಒಂದು ಹುಳು ದಿನಕ್ಕೆ ಹೀರುವುದು ಸುಮಾರು 0.05 ಮಿ.ಲೀ. ರಕ್ತ ಮಾತ್ರ. ಆದರೆ ಸಾವಿರ ಹುಳುಗಳಿದ್ದರೆ ದಿನಕ್ಕೆ 50 ಮಿ.ಲೀ. ನಷ್ಟ. 20 ಕಿಲೋ ತೂಗುವ ಮೇಕೆಯ ಮೈಯಲ್ಲಿರುವ ಒಟ್ಟು ರಕ್ತವೇ ಒಂದೂಕಾಲು ಲೀಟರಿನಷ್ಟು!

ಹೆಣ್ಣು ಹುಳು ದಿನಕ್ಕೆ 5,000ಕ್ಕೂ ಹೆಚ್ಚು ಮೊಟ್ಟೆಗಳನ್ನು ಇಡಬಲ್ಲದು. ಹಿಕ್ಕೆಯೊಂದಿಗೆ ಹೊರಬೀಳುವ ಇವು, ಬೆಚ್ಚನೆಯ ತೇವದಲ್ಲಿ ವಾರದೊಳಗೆ ಸೋಂಕು ತಗುಲಿಸಬಲ್ಲ ಮರಿಹುಳುಗಳಾಗಿ ಇಬ್ಬನಿಯಲ್ಲಿ ನೆನೆದ ಹುಲ್ಲನ್ನೇರುತ್ತವೆ. ಹೆಚ್ಚಿನವು ನೆಲಕ್ಕೆ ಸಮೀಪದ ಹುಲ್ಲಿನಲ್ಲೇ ಉಳಿಯುತ್ತವೆ. ಜಾಲಿ, ಎಲಚಿಯ ಸೊಪ್ಪನ್ನು ಕತ್ತೆತ್ತಿ ಮೇಯುವುದು ಮೇಕೆಯ ಹುಟ್ಟುಗುಣ. ಹೀಗಾಗಿ ಹಿಂದೆ ಅದಕ್ಕೆ ಹುಳು ತಗಲುವ ಸಂಭವ ಕಡಿಮೆಯಿತ್ತು. ಪೊದೆ ಕಡಿಮೆಯಾಗಿ ಕುರಿಗಳ ಜೊತೆ ಗಿಡ್ಡ ಹುಲ್ಲು ಮೇಯುವಂತಾದಾಗ ತೊಂದರೆ ಹೆಚ್ಚುತ್ತದೆ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯ ನೀರು ಜಿಲ್ಲೆಯ ಹಲವು ಕೆರೆಗಳಿಗೆ ಹರಿದಿದೆ. ಆ ನೀರಿನ ಗುಣದ ಚರ್ಚೆ ಬೇರೆ. ಕೆರೆಯಂಚು ಬೇಸಿಗೆಯಲ್ಲೂ ಹಸಿಯಾಗಿದ್ದರೆ ಮರಿಹುಳುಗಳಿಗೆ ಅನುಕೂಲವೆಂಬುದಷ್ಟೇ ಇಲ್ಲಿನ ಮಾತು.

ಈ ಹುಳುವಿನಿಂದ ಸಾಮಾನ್ಯವಾಗಿ ಭೇದಿಯಾಗುವುದಿಲ್ಲ. ಹಿಕ್ಕೆ ಸರಿಯಾಗಿಯೇ ಇರುವುದರಿಂದ ಸಾಕಿದವರಿಗೆ ಅನುಮಾನ ಬರುವುದು ತಡ. ಮೇಕೆ ಮಂದೆಯಿಂದ ಹಿಂದುಳಿಯುತ್ತದೆ, ದವಡೆಯ ಕೆಳಗೆ ನೀರು ತುಂಬಿದಂತೆ ಊದಿಕೊಳ್ಳುತ್ತದೆ. ಹಾಲು ಬಿಟ್ಟ ಮರಿಗಳು ಮತ್ತು ಆಗತಾನೇ ಈದ ತಾಯಿಮೇಕೆಗಳು ಬೇಗ ಸೋಲುತ್ತವೆ.

ಔಷಧವಿಲ್ಲವೇ? ಇದೆ. ಆಲ್ಬೆಂಡಜೋಲ್, ಫೆನ್‌ಬೆಂಡಜೋಲ್, ಲೆವಾಮಿಸೋಲ್, ಐವರ್ಮೆಕ್ಟಿನ್ ಪ್ರಮುಖವಾದವು. ಆದರೆ ಇಡೀ ಮಂದೆಗೆ ಕಣ್ಣಂದಾಜಿನಲ್ಲಿ ಒಂದೇ ಅಳತೆ ಕುಡಿಸುವ ರೂಢಿಯೇ ಔಷಧದ ಶಕ್ತಿಯನ್ನು ಕುಂದಿಸುತ್ತಿದೆ. ಮೇಕೆಯ ದೇಹ ಕುರಿಗಿಂತ ವೇಗವಾಗಿ ಈ ಔಷಧಗಳನ್ನು ಕರಗಿಸುವುದರಿಂದ ಕುರಿಯ ಪ್ರಮಾಣ ಅದಕ್ಕೆ ಸಾಲದಾಗುತ್ತದೆ. ಅರೆ ಪ್ರಮಾಣಕ್ಕೆ ಜಗ್ಗದೆ ಬದುಕುಳಿದ ಹುಳುಗಳೇ ಮುಂದಿನ ಪೀಳಿಗೆಯನ್ನು ಬೆಳೆಸುತ್ತವೆ. ಬೆಂಡಜೋಲ್ ಗುಂಪಿನ ಔಷಧಗಳಿಗೆ ಬಗ್ಗದ ಹುಳುಗಳು ಭಾರತದ ಹಲವು ಕುರಿ, ಮೇಕೆ ಸಾಕಣೆ ಕೇಂದ್ರಗಳಲ್ಲಿ ಪತ್ತೆಯಾಗಿವೆ.

ದಕ್ಷಿಣ ಆಫ್ರಿಕಾದಲ್ಲಿ 1990ರ ದಶಕದಲ್ಲಿ ರೂಪುಗೊಂಡ ಫಮಾಚಾ ಪದ್ಧತಿ ಇದಕ್ಕೊಂದು ಉತ್ತರ. ಕೆಳರೆಪ್ಪೆಯ ಒಳಪದರವನ್ನು ಬಿಡಿಸಿ, ಐದು ಬಣ್ಣಗಳ ಪಟ್ಟಿಯೊಂದಿಗೆ ಹೋಲಿಸಲಾಗುತ್ತದೆ. ಕೆಂಪಾಗಿದ್ದರೆ ಔಷಧ ಬೇಡ, ಬಿಳಿಚಿದ್ದರೆ ಕೂಡಲೇ ಬೇಕು. ಔಷಧ ಪಡೆಯದ ಮೇಕೆಗಳಲ್ಲಿ ಔಷಧಕ್ಕೆ ಬಗ್ಗುವ ಹುಳುಗಳ ಸಂತತಿಯೂ ಉಳಿಯುವುದರಿಂದ ಬಗ್ಗದವುಗಳ ಪ್ರಾಬಲ್ಯ ತಡವಾಗುತ್ತದೆ. ಕೇಳಲು ವಿಚಿತ್ರ, ಆದರೂ ಲೆಕ್ಕ ಸರಿ. ರಕ್ತಹೀನತೆಗೆ ಬೇರೆ ಕಾರಣಗಳೂ ಇರಬಹುದಾದ್ದರಿಂದ ಪಶು ಆಸ್ಪತ್ರೆಯಲ್ಲಿ ಹಿಕ್ಕೆ ಪರೀಕ್ಷೆ ಮಾಡಿಸುವುದು ಕ್ಷೇಮ. ಗಬ್ಬದ ಮೊದಲ ತಿಂಗಳಲ್ಲಿ ಆಲ್ಬೆಂಡಜೋಲ್ ಸಲ್ಲದು.

ಮಂಜು ಆರಿದ ಮೇಲೆ ಮೇಯಲು ಬಿಡುವುದು, ಕೊಟ್ಟಿಗೆಯಲ್ಲಿ ಚೊಗಚೆ ಸೊಪ್ಪನ್ನು ಎತ್ತರಕ್ಕೆ ಕಟ್ಟುವುದು ಖರ್ಚಿಲ್ಲದ ಉಪಾಯಗಳು. ಇನ್ನು ನಗರದ ಮಾಂಸಾಹಾರಿಗಳ ಅಳುಕು: ಈ ಹುಳು ಮಾಂಸದ ಮೂಲಕ ಮನುಷ್ಯರಿಗೆ ಹರಡುವುದಿಲ್ಲ. ಔಷಧದ ಅಂಶ ಮಾಂಸದಲ್ಲಿ ಕೆಲಕಾಲ ಉಳಿಯುವುದು ನಿಜ. ಎಷ್ಟು ದಿನ ಕಳೆದು ಮೇಕೆಯನ್ನು ಕಡಿಯಬಹುದೆಂಬುದು ಬಾಟಲಿಯ ಮೇಲಿನ ಚೀಟಿಯಲ್ಲಿರುತ್ತದೆ.