ಮೀಟರಿಗೆ ಎರಡೂ ಒಂದೇ, ಉಗುರಿಗಲ್ಲ

ಬೆಂಗಳೂರಿನ ಪೀಣ್ಯದ ಸಣ್ಣ ವರ್ಕ್‌ಶಾಪ್ ಅದು. ಮೇಜಿನ ಮೇಲೆ ಅಕ್ಕಪಕ್ಕ ಎರಡು ಉಕ್ಕಿನ ಶಾಫ್ಟ್; ಒಂದು ಲೇತ್‌ನಿಂದ ಬಂದದ್ದು, ಇನ್ನೊಂದು ಗ್ರೈಂಡಿಂಗ್ ಆದದ್ದು. ಒರಟು ಅಳೆಯುವ ಮೀಟರಿನ ಸ್ಟೈಲಸ್ (ಸೂಜಿ) ಹರಿಸಿದಾಗ ಎರಡಕ್ಕೂ ಬಂದ 'ಆರ್‌ಎ' ಸುಮಾರು 0.8 ಮೈಕ್ರಾನ್. "ಉಗುರು ಆಡಿಸಿ ನೋಡಿ ಸಾರ್" ಎಂದರು ಹಿರಿಯ ಟರ್ನರ್. ಲೇತ್‌ ಶಾಫ್ಟಿನ ಉದ್ದಕ್ಕೆ ಉಗುರೆಳೆದರೆ ಸಣ್ಣಗೆ, ಒಂದೇ ಲಯದಲ್ಲಿ ಕಿರ್ರೆಂದಿತು. ಇನ್ನೊಂದರಲ್ಲಿ ಆ ಲಯವೇ ಇಲ್ಲ.

ಆರ್‌ಎ ಎಂದರೆ ಉಬ್ಬುತಗ್ಗುಗಳು ನಡುಗೆರೆಯಿಂದ ಎಷ್ಟು ದೂರ ಎಂಬುದರ ಸರಾಸರಿ, ಅಷ್ಟೇ. ಫೀಡ್, ಅಂದರೆ ಒಂದು ಸುತ್ತಿಗೆ ಟೂಲು ಸರಿಯುವ ದೂರ, 0.1 ಮಿ.ಮೀ., ಟೂಲಿನ ನೋಸ್ ರೇಡಿಯಸ್ 0.4 ಮಿ.ಮೀ. ಇದ್ದರೆ ಫೀಡಿನ ವರ್ಗವನ್ನು ರೇಡಿಯಸ್ಸಿನ 32 ಪಟ್ಟಿನಿಂದ ಭಾಗಿಸಿ: 0.8 ಮೈಕ್ರಾನ್ ಸಿದ್ಧ. ಗ್ರೈಂಡಿಂಗ್ ಚಕ್ರದ ಲೆಕ್ಕವಿಲ್ಲದ ಹರಳುಗಳು ಅಡ್ಡಾದಿಡ್ಡಿ ಗೀಚಿದರೂ ಅದೇ ಸಂಖ್ಯೆ ಬರಬಹುದು.

ಸರಾಸರಿಗೆ ಸಿಗದ ಈ ವ್ಯತ್ಯಾಸ ಹಿಡಿಯಲು, ಗಣಿತಜ್ಞ ಮ್ಯಾಂಡೆಲ್‌ಬ್ರಾಟ್ 1967ರಲ್ಲಿ ಬ್ರಿಟನ್ ಕರಾವಳಿಯ ಬಗ್ಗೆ ಕೇಳಿದ ಪ್ರಶ್ನೆಯನ್ನು ಇಲ್ಲೂ ಕೇಳಬಹುದು. ಅಳತೆಕಡ್ಡಿ ಚಿಕ್ಕದಾದಷ್ಟೂ ಗೆರೆ ಎಷ್ಟು ಬೆಳೆಯುತ್ತದೆ? ಆ ಬೆಳವಣಿಗೆಯ ವೇಗದಿಂದ ಸಿಗುವುದೇ ಫ್ರ್ಯಾಕ್ಟಲ್ ಆಯಾಮ. ಮೇಲ್ಮೈಯ ಅಡ್ಡಸೀಳಿಗೆ ಅದು 1 ಮತ್ತು 2ರ ನಡುವೆ ಬೀಳುತ್ತದೆ.

ಈ ಕತೆಯಲ್ಲಿ ಮತ್ತೆ ಮತ್ತೆ ನೋಡಬೇಕೆನಿಸುವುದು 1978ರ ಒಂದು ಗ್ರಾಫ್. ಇಂಗ್ಲೆಂಡಿನ ಸೇಲ್ಸ್ ಮತ್ತು ಥಾಮಸ್ 'ನೇಚರ್' ಪತ್ರಿಕೆಯಲ್ಲಿ ಬೇರಿಂಗ್ ಗುಂಡು, ಹಡಗಿನ ಮೈ, ವಿಮಾನದ ರನ್‌ವೇಗಳ ಒರಟನ್ನೆಲ್ಲ ಅಲೆಯುದ್ದದ ಎದುರು ಒಂದೇ ಹಾಳೆಗೆ ತಂದರು. ಗುಂಡೆಲ್ಲಿ, ರನ್‌ವೇ ಎಲ್ಲಿ! ಆದರೂ ಬಿಂದುಗಳು ಹೆಚ್ಚುಕಡಿಮೆ ಒಂದೇ ಓರೆಗೆರೆಗೆ ಅಂಟಿಕೊಂಡವು. ನೋಡುವ ಉದ್ದ ಹಿಗ್ಗಿದಷ್ಟೂ ಒರಟೂ ಹಿಗ್ಗುತ್ತದೆ. ಎಂದರೆ ಕಟ್-ಆಫ್ ಉದ್ದ, ಅಂದರೆ ಎಷ್ಟು ಉದ್ದದವರೆಗಿನ ಉಬ್ಬುತಗ್ಗು ಎಣಿಸಿದ್ದು ಎಂದು, ಹೇಳದ ಒರಟಿನ ಅಂಕಿ ಅರ್ಧ ಮಾತು. ಅದೇ ವರ್ಷ ಬೆರ್ರಿ ಮತ್ತು ಹ್ಯಾನೆ, ಎಲ್ಲ ಮೇಲ್ಮೈಗೂ ಆ ಗೆರೆಯ ಇಳಿಜಾರು ಒಂದೇ ಇರಬೇಕಿಲ್ಲ, ಅದನ್ನು ಫ್ರ್ಯಾಕ್ಟಲ್ ಆಯಾಮವಾಗಿ ಓದಬಹುದು ಎಂದು ತೋರಿಸಿದರು.

1990ರಲ್ಲಿ ಅರುಣ್ ಮಜುಂದಾರ್ ಮತ್ತು ಭರತ್ ಭೂಷಣ್ ಈ ಆಯಾಮವನ್ನು ಲೋಹಗಳ ಸ್ಪರ್ಶದ ಲೆಕ್ಕಕ್ಕೆ ತಂದರು. ಉಪಕರಣ ಬದಲಾದರೂ ಬದಲಾಗದ ಅಳತೆ ಬೇಕೆಂಬುದು ಅವರ ಹಂಬಲ. ಮೇಲ್ಮೈ ಅಳತೆಯಲ್ಲೇ ಪಳಗಿದ ಡೇವಿಡ್ ವೈಟ್‌ಹೌಸ್ 2001ರಲ್ಲಿ, ಇದು ಫ್ರ್ಯಾಕ್ಟಲ್ಲೋ ಕಟ್ಟುಕತೆಯೋ ಎಂದು ಪ್ರಬಂಧದ ಶೀರ್ಷಿಕೆಯಲ್ಲೇ ಕೇಳಿದರು. ಆ ಅನುಮಾನದಲ್ಲಿ ಹುರುಳಿದೆ: ಟೂಲಿಗೂ ಹರಳಿಗೂ ಅದರದೇ ಗಾತ್ರವಿದೆ, 2 ಮೈಕ್ರಾನ್ ರೇಡಿಯಸ್ಸಿನ ಸ್ಟೈಲಸ್ ತುದಿ ಅದಕ್ಕಿಂತ ಕಿರಿದಾದ ಕಣಿವೆಗೆ ಇಳಿಯುವುದೇ ಇಲ್ಲ. ಗ್ರೈಂಡ್ ಆದ ಶಾಫ್ಟಿಗೆ ಒಂದಷ್ಟು ವ್ಯಾಪ್ತಿಯಲ್ಲಿ ಫ್ರ್ಯಾಕ್ಟಲ್ ಹೊಂದುತ್ತದೆ. ಲೇತ್‌ ಶಾಫ್ಟಿನ ಅಂಥದೇ ಗ್ರಾಫಿನಲ್ಲಿ ಫೀಡಿನಷ್ಟೇ ಅಲೆಯುದ್ದದ, 0.1 ಮಿ.ಮೀ. ಹತ್ತಿರ ಮೊಳೆಯಂಥ ಶಿಖರ ಎದ್ದು ನಿಲ್ಲುತ್ತದೆ.

ಟರ್ನರ್ ಲೇತ್‌ ಶಾಫ್ಟನ್ನು ಪಕ್ಕಕ್ಕಿಟ್ಟರು. "ಇದರ ಮೇಲೆ ಆಯಿಲ್ ಸೀಲ್ ಕೂರಿಸಿದ್ರೆ ಎಣ್ಣೆ ಆಚೆ ಬರುತ್ತೆ ಸಾರ್. ಸ್ಕ್ರೂ ಥರ ಎಳ್ಕೊಂಡು ಹೋಗುತ್ತೆ."