ಕರ್ ಎನ್ನುವ ಚಪ್ಪಲಿ, ಮುನಿಯುವ ಡಬ್ಬಿ

ಮನೆಯ ಉಪಕರಣಗಳನ್ನು ಅಂತರ್ಜಾಲಕ್ಕೆ ಜೋಡಿಸಿ ಮಾತಿನಿಂದಲೋ ಮೊಬೈಲಿನಿಂದಲೋ ನಡೆಸುವ ‘ಸ್ಮಾರ್ಟ್ ಹೋಮ್’ ವ್ಯವಸ್ಥೆಯಲ್ಲಿ ಮನುಷ್ಯ ಅಪ್ಪಣೆ ಕೊಡುತ್ತಾನೆ, ಯಂತ್ರ ಪಾಲಿಸುತ್ತದೆ. ಇದೇ ತಂತ್ರಜ್ಞಾನದ ಇನ್ನೊಂದು ಕವಲಿನಲ್ಲಿ, ಉಪಯೋಗಕ್ಕಿಂತ ವಿನೋದವನ್ನೇ ಮುಂದಿಟ್ಟುಕೊಂಡ ವಿನ್ಯಾಸಕಾರರು ಜೋಳದ ಡಬ್ಬಿ, ಕುರ್ಚಿ, ಕಸಬರಿಗೆಯಂಥ ಜಡವಸ್ತುಗಳಿಗೆ ಅಂಟಿಸಬಹುದಾದ ಪುಟ್ಟ ಸಾಧನವೊಂದರ ಮೂಲಕ ಅವುಗಳಿಗೆ ಸ್ವಭಾವ ಕೊಡಲು ಯತ್ನಿಸುತ್ತಾರೆ. ಒಂದು ಬ್ಯಾಟರಿ, ಒಂದು ಸ್ಪೀಕರು, ವಸ್ತುವನ್ನು ಎತ್ತಿದ್ದು, ಓರೆಮಾಡಿದ್ದು, ಕುಕ್ಕಿದ್ದು ಇವುಗಳನ್ನು ಮೂರು ದಿಕ್ಕಿನ ವೇಗೋತ್ಕರ್ಷವಾಗಿ ಅಳೆಯುವ ‘ಆಕ್ಸೆಲೆರೋಮೀಟರ್’ ಎಂಬ ಸಂವೇದಕ, ಆ ಅಳತೆಯನ್ನು ನೋಡಿ ಮುಂದೇನೆಂದು ನಿರ್ಧರಿಸುವ ಮೈಕ್ರೋಕಂಟ್ರೋಲರ್ ಎಂಬ ಕಿರುಗಣಕ, ಇಷ್ಟಿದ್ದರೆ ಸಾಧನ ಸಿದ್ಧ.

ಸಾಧನ ಮಾಡುವುದು ಸುಲಭ, ಸ್ವಭಾವ ಕೊಡುವುದು ಕಷ್ಟ. 1944ರಲ್ಲಿ ಫ್ರಿಟ್ಸ್ ಹೈಡರ್ ಮತ್ತು ಮೇರಿಯಾನ್ ಸಿಮೆಲ್ ಎಂಬ ಮನೋವಿಜ್ಞಾನಿಗಳು ಎರಡು ತ್ರಿಕೋನ ಮತ್ತು ಒಂದು ವೃತ್ತ ಅತ್ತಿತ್ತ ಚಲಿಸುವ ಕಿರುಚಿತ್ರವನ್ನು ತೋರಿಸಿ, ಕಂಡದ್ದನ್ನು ಬರೆಯಲು ಹೇಳಿದಾಗ, 34 ಮಂದಿಯಲ್ಲಿ ಒಬ್ಬರನ್ನುಳಿದು ಎಲ್ಲರೂ ಆ ಆಕೃತಿಗಳನ್ನು ಜೀವಿಗಳೆಂದೇ, ಹೆಚ್ಚಿನವರು ಮನುಷ್ಯರೆಂದೇ, ವರ್ಣಿಸಿದರು. ಕಣ್ಣುಮೂಗಿಲ್ಲದ ಆಕೃತಿಗೂ ಚಲನೆಯ ಹದವೊಂದೇ ಮನಸ್ಸನ್ನು ಕೊಡಬಲ್ಲದು ಎಂಬುದು ಇದರಿಂದ ತಿಳಿಯುತ್ತದೆ. ಹಾಗಿದ್ದೂ ಎಷ್ಟೋ ಕಂಪನಿಗಳು ಯಂತ್ರಕ್ಕೆ ಎರಡು ಕಣ್ಣು ಬರೆದು, ಬಾಯಿತುಂಬ ಮಾತು ತುಂಬಿ ಕೈತೊಳೆದುಕೊಳ್ಳುತ್ತವೆ.

ಇದಕ್ಕಿಂತ ಸೂಕ್ಷ್ಮವಾದ ವಿನ್ಯಾಸಬುದ್ಧಿ ಬೆಳಗಾವಿ ಜಿಲ್ಲೆಯ ಚಿಕ್ಕೋಡಿ ಸೀಮೆಯಲ್ಲಿ ವಿದ್ಯುತ್ತಿನ ಹಂಗಿಲ್ಲದೆ ಬೆಳೆದಿದೆ. ಅಥಣಿ, ಮದಭಾವಿ, ನಿಪ್ಪಾಣಿಗಳ ಕುಶಲಕರ್ಮಿಗಳು ಹೊಲಿಯುವ, ಕೊಲ್ಹಾಪುರಿ ಎಂಬ ಹೆಸರಿನಲ್ಲಿ ಜಗತ್ತಿಗೆ ಪರಿಚಿತವಾದ ಚಪ್ಪಲಿಗಳಲ್ಲಿ, ನಡೆದಾಗ ಕರ್ ಕರ್ ಎನ್ನುವಂತೆ ಬೇಕೆಂದೇ ಮಾಡಿಸಿಕೊಳ್ಳುವ ಬಗೆಯೊಂದುಂಟು. ಆ ಸದ್ದು ತೊಟ್ಟವನ ತೂಕಕ್ಕೂ ನಡಿಗೆಗೂ ತಕ್ಕಂತೆ ಬದಲಾಗುವುದರಿಂದ, ಬರುವವನು ಅವಸರದಲ್ಲಿದ್ದಾನೋ ಠೀವಿಯಲ್ಲಿದ್ದಾನೋ ಎಂಬುದು ಅವನು ಹೊಸ್ತಿಲು ದಾಟುವ ಮೊದಲೇ ಒಳಗಿದ್ದವರಿಗೆ ತಿಳಿದುಬಿಡುತ್ತದೆ. ಧ್ವನಿ ಬಳಕೆಯಿಂದಲೇ ಹುಟ್ಟಬೇಕು, ಮೇಲಿಂದ ಹಚ್ಚಿದ್ದಾಗಬಾರದು ಎಂಬ ನಿಯಮ ಇಲ್ಲಿದೆ. ಇನ್ನು ಉತ್ತರ ಕರ್ನಾಟಕದ ಮನೆಗಳಲ್ಲಿ ಹೆಸರಿಡುವ ದಿನ ಕೂಸಿಗಿಂತ ಮೊದಲು ಗುಂಡುಕಲ್ಲಿಗೆ ಬಟ್ಟೆ ಸುತ್ತಿ, ಕುಲಾವಿ ತೊಡಿಸಿ, ತೊಟ್ಟಿಲ ಕೆಳಗಿಂದ ಮೇಲಕ್ಕೆ ಕೈಯಿಂದ ಕೈಗೆ ದಾಟಿಸುವುದುಂಟು. ಬೀಸುವ ಹೆಂಗಸರು ಕಲ್ಲನ್ನು ತಾಯಿಯೆಂದು ಕರೆದು ಹಾಡುವುದುಂಟು. ಕಲ್ಲು ಮರುಮಾತಾಡುವುದಿಲ್ಲ, ಆಡಬೇಕೆಂಬ ನಿರೀಕ್ಷೆಯೂ ಯಾರಿಗಿಲ್ಲ. ವ್ಯಕ್ತಿತ್ವದ ಬಹುಪಾಲನ್ನು ಮನೆಯವರೇ ತುಂಬುತ್ತಾರೆ.

ಹೀಗಾಗಿ ಇಂಥ ಸಾಧನವನ್ನು ರೂಪಿಸುವವರು ವಾಕ್ಯಗಳನ್ನಲ್ಲ, ಮನಃಸ್ಥಿತಿಗಳನ್ನು ಬರೆಯಬೇಕಾಗುತ್ತದೆ. ಡಬ್ಬಿಗೆ ತೃಪ್ತಿ, ಬೇಸರ, ಮುನಿಸು ಎಂಬ ಮೂರು ಸ್ಥಿತಿಗಳಿದ್ದು, ಎರಡು ದಿನ ಯಾರೂ ಮುಟ್ಟದಿದ್ದರೆ ಅದು ಬೇಸರಕ್ಕೂ, ಧಡ್ಡನೆ ಕುಕ್ಕಿದರೆ ಮುನಿಸಿಗೂ ಜಾರುತ್ತದೆ ಎಂಬಂಥ ನಿಯಮಗಳ ಪಟ್ಟಿಗೆ ಗಣಕಶಾಸ್ತ್ರದಲ್ಲಿ ‘ಸ್ಥಿತಿಯಂತ್ರ’ ಎನ್ನುತ್ತಾರೆ. ಒಂದೇ ಪ್ರಚೋದನೆಗೆ ಪ್ರತಿಸಲವೂ ಒಂದೇ ಸದ್ದು ಬಂದರೆ ವಾರದೊಳಗೆ ಮಕ್ಕಳಿಗೂ ಸಾಕಾಗುತ್ತದೆ. ಇಟಲಿಯ ವಿನ್ಯಾಸಕಾರ ಸಿಮೋನೆ ರೆಬೌಡೆಂಗೊ 2012ರಲ್ಲಿ ರೂಪಿಸಿದ ‘ಬ್ರ್ಯಾಡ್’ ಎಂಬ ಬ್ರೆಡ್ ಸುಡುವ ಯಂತ್ರ ಈ ದಿಸೆಯಲ್ಲಿ ದೂರ ಹೋಯಿತು: ತನ್ನನ್ನು ಬಳಸುವವರಿಲ್ಲವೆಂದು ಅದು ಕಿರಿಕಿರಿ ಮಾಡುತ್ತಿತ್ತು, ಕೊನೆಗೆ ಬೇರೆ ಮನೆಗೆ ಕಳಿಸಿರೆಂದು ಹಟ ಹಿಡಿಯುತ್ತಿತ್ತು. ಫ್ರಾನ್ಸಿನಲ್ಲಿ 2005ರಲ್ಲಿ ಬಂದ ‘ನಬಾಜ್ತಾಗ್’ ಎಂಬ ಪ್ಲಾಸ್ಟಿಕ್ ಮೊಲ ಕಿವಿಯಾಡಿಸುತ್ತ ಸುದ್ದಿ ಓದುತ್ತಿತ್ತು. ಅದರ ಬುದ್ಧಿಯೆಲ್ಲ ದೂರದ ಸರ್ವರ್‌ನಲ್ಲಿದ್ದುದರಿಂದ, 2011ರಲ್ಲಿ ಸರ್ವರ್ ನಿಂತಾಗ ಮೊಲಗಳು ಮೂಕವಾದವು.

ಮನೆಯ ವಸ್ತುಗಳು ಮಾತು ಕಲಿತರೆ ಯಾರೊಂದಿಗೆ ಮಾತಾಡುತ್ತವೆ ಎಂಬ ಪ್ರಶ್ನೆಯನ್ನು ಕನ್ನಡದ ಒಂದು ಜನಪದ ಕಥೆ ಹಿಂದೆಯೇ ಎತ್ತಿದೆ. 1950ರ ದಶಕದಲ್ಲಿ ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದ ಎ.ಕೆ. ರಾಮಾನುಜನ್ ಮುಂದೆ ಇಂಗ್ಲಿಷಿಗೆ ತಂದ ಆ ಕಥೆಯಲ್ಲಿ, ಗೃಹಿಣಿಯೊಬ್ಬಳು ಯಾರಿಗೂ ಹೇಳದೆ ಇಟ್ಟುಕೊಂಡ ಕಥೆ ಜೋಡಾಗಿ ಬಾಗಿಲ ಹೊರಗೆ ಕೂರುತ್ತದೆ, ಹಾಡು ಗಂಡಸಿನ ಕೋಟಾಗಿ ಗೂಟಕ್ಕೆ ನೇತುಬೀಳುತ್ತದೆ. ಜಗಳವಾಡಿ ಹನುಮಂತನ ಗುಡಿಗೆ ಹೋಗಿ ಮಲಗಿದ ಗಂಡನಿಗೆ ನಿಜ ತಿಳಿಯುವುದು, ಮನೆಮನೆಯ ದೀಪಗಳು ರಾತ್ರಿ ಅಲ್ಲಿ ಸೇರಿ ತಮ್ಮ ತಮ್ಮ ಮನೆಯ ಸುದ್ದಿ ಹಂಚಿಕೊಳ್ಳುವಾಗ. ಗಿರೀಶ ಕಾರ್ನಾಡರ ‘ನಾಗಮಂಡಲ’ದ (1988) ಆರಂಭದಲ್ಲಿ ಹರಟುವ ಜ್ಯೋತಿಗಳ ಮೂಲವೂ ಇಂಥ ಕಥೆಯೇ. ಸ್ಮಾರ್ಟ್ ಸ್ಪೀಕರು ಮನೆಯ ಮಾತನ್ನು ಕಂಪನಿಯ ಸರ್ವರ್‌ಗೆ ಒಯ್ಯುವುದಕ್ಕೂ ದೀಪಗಳ ಹರಟೆಗೂ ಇರುವ ಅಂತರ ಸ್ವಲ್ಪವೇ, ಗುಡಿಯಲ್ಲಿ ಯಾರೂ ಜಾಹೀರಾತು ಮಾರುತ್ತಿರಲಿಲ್ಲ. ಭಾರತದಲ್ಲಿ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಇಂಥ ಸಂಗ್ರಹಕ್ಕೆ ಸಾಮಾನ್ಯವಾಗಿ ಬಳಕೆದಾರರ ಒಪ್ಪಿಗೆ ಕೇಳುತ್ತದೆ; ಆದರೆ ಮೈಕ್ರೋಫೋನೇ ಇಲ್ಲದೆ ಚಲನೆಯನ್ನಷ್ಟೇ ಗ್ರಹಿಸಿ, ಲೆಕ್ಕವನ್ನೆಲ್ಲ ತನ್ನೊಳಗೇ ಮುಗಿಸುವ ಸಾಧನದಲ್ಲಿ ಹೊರಗೆ ಹೋಗುವ ದತ್ತಾಂಶವೇ ಇರುವುದಿಲ್ಲ.

ಸಾಧನಕ್ಕೆ ಮಾತಿಲ್ಲದಿರುವುದು ಚಿಕ್ಕೋಡಿ ಸೀಮೆಗೆ ಇನ್ನೊಂದು ಕಾರಣಕ್ಕೂ ಒಪ್ಪುತ್ತದೆ. ಕನ್ನಡ ಮರಾಠಿಗಳೆರಡೂ ಒಂದೇ ವಾಕ್ಯದಲ್ಲಿ ಬೆರೆಯುವ ನಿಪ್ಪಾಣಿ, ಕಾಗವಾಡಗಳ ಅಡುಗೆಮನೆಯಲ್ಲಿ ಭಾಷೆಯನ್ನು ಗುರುತಿಸುವ ತಂತ್ರಾಂಶ ತಡವರಿಸುವುದು ಸಹಜ. ಗೊಣಗು, ನಿಟ್ಟುಸಿರು, ಲೊಚಗುಟ್ಟುವಿಕೆಗಳಿಗೆ ಆ ತೊಡಕಿಲ್ಲ. ಯಾವ ವಸ್ತುವಿಗೆ ಹಚ್ಚಬೇಕು ಎಂಬುದನ್ನು ಬ್ಯಾಟರಿಯೇ ಬಹುಮಟ್ಟಿಗೆ ನಿರ್ಧರಿಸುತ್ತದೆ: ಲಿಥಿಯಂ ಕೋಶಕ್ಕೆ ಸುಮಾರು 60 ಡಿಗ್ರಿ ಸೆಲ್ಸಿಯಸ್‌ಗಿಂತ ಹೆಚ್ಚಿನ ಬಿಸಿ ಸಲ್ಲದಾದ್ದರಿಂದ, ಅಡುಗೆಮನೆಯಲ್ಲೇ ಅತ್ಯಂತ ಸಿಡುಕಿನ ಪಾತ್ರವಾಗಬಹುದಾಗಿದ್ದ ರೊಟ್ಟಿಯ ಹಂಚು ಈ ಆಟದಿಂದ ಹೊರಗುಳಿಯುತ್ತದೆ, ದಿನಕ್ಕೆ ಹತ್ತಾರು ಸಲ ಎತ್ತಿ ಇಡುವ ರೊಟ್ಟಿ ಬುಟ್ಟಿ ಮತ್ತು ಮೊರಕ್ಕೆ ಅವಕಾಶ ಸಿಗುತ್ತದೆ.