ಮೊದಲ ಮಳೆಗೆ ಸಾಯುವ ಮೀನು

ಅಮೆರಿಕದ ಸಿಯಾಟಲ್ ನಗರದ ಪಶ್ಚಿಮ ಭಾಗದಲ್ಲಿ ಲಾಂಗ್‌ಫೆಲೋ ಎಂಬ ಪುಟ್ಟ ತೊರೆಯಿದೆ. ಮನೆಗಳ ಹಿತ್ತಿಲು, ರಸ್ತೆಗಳ ನಡುವೆ ಹರಿದು, ಕೆಲವೆಡೆ ನೆಲದಡಿಯ ಕೊಳವೆಯೊಳಗೆ ನುಸುಳಿ ಡುವಾಮಿಶ್ ನದಿಯನ್ನು ಸೇರುತ್ತದೆ. ಅಕ್ಟೋಬರ್ ಹೊತ್ತಿಗೆ ಮಳೆ ಹಿಡಿದು ನೀರು ಏರಿದರೆ ಸಾಕು, ಸಮುದ್ರದಲ್ಲಿ ಬೆಳೆದ ಕೋಹೊ ಸಾಲ್ಮನ್ ಮೀನುಗಳು ಮೊಟ್ಟೆಯಿಡಲು ಈ ತೊರೆ ಹತ್ತಿ ಬರುತ್ತವೆ. ಮಲೆನಾಡಿನಲ್ಲಿ ಮುಂಗಾರಿನ ಹೊಸನೀರಿಗೆ ಹತ್ತುಮೀನು ಬರುವುದನ್ನು ಕಂಡವರಿಗೆ ಈ ಸಡಗರ ಗೊತ್ತಿರುತ್ತದೆ.

ಆದರೆ ಲಾಂಗ್‌ಫೆಲೋ ತೊರೆಯಲ್ಲಿ ಸಡಗರ ಕೆಲವೇ ಗಂಟೆಗಳದ್ದು. ಮೊಳಕೈಗಿಂತ ಉದ್ದದ ಗಟ್ಟಿಮುಟ್ಟಾದ ಹೆಣ್ಣುಮೀನು ಇದ್ದಕ್ಕಿದ್ದಂತೆ ನೀರಿನ ಮೇಲ್ಮೈಗೆ ಬಂದು ದಿಕ್ಕು ತಪ್ಪಿದಂತೆ ಸುತ್ತತೊಡಗುತ್ತದೆ. ಬಾಯಿ ಅಗಲವಾಗಿ ತೆರೆಯುತ್ತದೆ, ರೆಕ್ಕೆಗಳು ಸೆಟೆದುಕೊಳ್ಳುತ್ತವೆ. ಒಂದು ಮಗ್ಗುಲಿಗೆ ವಾಲಿ, ಮತ್ತೆ ನೆಟ್ಟಗಾಗಲು ಹೆಣಗಿ, ಕೊನೆಗೆ ಹೊಟ್ಟೆ ಮೇಲಾಗಿ ತೇಲುತ್ತದೆ. ದಡಕ್ಕೆ ಎಳೆದು ಹೊಟ್ಟೆ ಸೀಳಿದರೆ ಕಿತ್ತಳೆ ಬಣ್ಣದ, ಬಟಾಣಿ ಗಾತ್ರದ ಮೊಟ್ಟೆಗಳು ರಾಶಿ ರಾಶಿಯಾಗಿ ಬೀಳುತ್ತವೆ. ಒಂದನ್ನೂ ಇಟ್ಟಿರುವುದಿಲ್ಲ. ಕೋಹೊ ಹೇಗೂ ಮೊಟ್ಟೆಯಿಟ್ಟ ಮೇಲೆ ಸಾಯುವ ಮೀನು. ಸಾವು ಅದರ ಹಣೆಬರಹದಲ್ಲೇ ಇದೆ. ಇಲ್ಲಿ ಸಂಕಟವೆಂದರೆ ಕೆಲಸ ಮುಗಿಸುವ ಮೊದಲೇ ಅದು ಸಾಯುತ್ತಿದ್ದುದು.

ಇದು ಕಣ್ಣಿಗೆ ಬಿದ್ದದ್ದೂ ತೊರೆಯ ಆರೋಗ್ಯ ತಪಾಸಣೆಯಿಂದಲೇ. 1990ರ ದಶಕದಲ್ಲಿ ಸಿಯಾಟಲ್ ಸುತ್ತಲಿನ ಹಲವು ತೊರೆಗಳನ್ನು ಮತ್ತೆ ಜೀವಂತಗೊಳಿಸುವ ಕೆಲಸ ನಡೆಯಿತು. ಕೆಲಸ ಫಲ ಕೊಟ್ಟಿತೇ ಎಂದು ನೋಡಲು ಹೋದವರಿಗೆ ಸಿಕ್ಕಿದ್ದು ಸತ್ತ ಮೀನು. ದಡದ ಗಿಡ, ತಳದ ಜಲ್ಲಿ, ಮಡು, ನೆರಳು ಎಂದು ಅಳತೆಪಟ್ಟಿ ಹಿಡಿದು ಅಂಕ ಕೊಡುವವರಿಗೆ ತೊರೆ ಚೆನ್ನಾಗಿಯೇ ಕಾಣಬಹುದಿತ್ತು. ಆದರೆ ಹಾಗೆ ಸಿಂಗರಿಸಿಟ್ಟ ಮನೆಗೆ ಬಂದ ಮೀನು ಹೊಸ್ತಿಲಲ್ಲೇ ಸಾಯುತ್ತಿತ್ತು.

ಅಮೆರಿಕದ ಸಾಗರ ಮತ್ತು ವಾಯುಮಂಡಲ ಸಂಸ್ಥೆಯ ನ್ಯಾಟ್ ಶಾಲ್ಜ್ ಮತ್ತು ಸಂಗಡಿಗರು 2002ರ ಶರತ್ಕಾಲದಿಂದ ಕ್ರಮವಾಗಿ ಎಣಿಸತೊಡಗಿದರು. ಹಂಗಾಮು ಬಂತೆಂದರೆ ಪ್ರತಿದಿನ ತೊರೆಯುದ್ದಕ್ಕೂ ನಡೆಯುವುದು, ಸತ್ತ ಮೀನು ಹುಡುಕುವುದು, ಹೊಟ್ಟೆ ಸೀಳಿ ಮೊಟ್ಟೆ ಉಳಿದಿದೆಯೇ ನೋಡುವುದು, ಬರೆದುಕೊಳ್ಳುವುದು. 2009ರವರೆಗಿನ ಲೆಕ್ಕ ಎದೆ ನಡುಗಿಸುವಂಥದ್ದು: ಬಂದ ಮೀನುಗಳಲ್ಲಿ ವರ್ಷಕ್ಕೆ ಶೇ. 60ರಿಂದ 100ರಷ್ಟು ಮೊಟ್ಟೆಯಿಡದೆ ಸತ್ತಿದ್ದವು. ನಗರದಿಂದಾಚೆಯ ಫೋರ್ಟ್‌ಸನ್ ತೊರೆಯಲ್ಲಿ ಅದೇ 2002ರಲ್ಲಿ ನೋಡಿದಾಗ ಈ ಪ್ರಮಾಣ ಶೇ. 1ಕ್ಕೂ ಕಡಿಮೆ. ಮುಂದಿನದೆಲ್ಲ ನಿಂತಿರುವುದು ಈ ಎಣಿಕೆಯ ಮೇಲೆ. ಮಳೆ-ಚಳಿಯಲ್ಲಿ ಕೊಳೆತ ಮೀನಿನ ನಡುವೆ ನಡೆದ ಆ ವರ್ಷಗಳಿಗೆ ನಾನು ಪ್ರಯೋಗಾಲಯದ ಕೆಲಸದಷ್ಟೇ ಗೌರವ ಕೊಡುತ್ತೇನೆ.

ಅನುಮಾನಗಳನ್ನು ಒಂದೊಂದಾಗಿ ಕಳೆಯುತ್ತ ಬಂದರು. ನೀರಿನಲ್ಲಿ ಆಮ್ಲಜನಕ ಸಾಲದೇ? ಬಿಸಿ ಹೆಚ್ಚೇ? ರೋಗವೇ? ತೋಟಗಳಿಗೆ ಹೊಡೆದ ಕೀಟನಾಶಕವೇ? ಲೋಹಗಳೇ? ಯಾವುದೂ ಹೊಂದಲಿಲ್ಲ. ಹೊಂದುತ್ತಿದ್ದುದು ಎರಡೇ, ಮಳೆ ಮತ್ತು ರಸ್ತೆ. ವಾಹನ ಹೆಚ್ಚು ಓಡಾಡುವಲ್ಲಿ ಸಾವು ಹೆಚ್ಚು. ಬಿಸಿಲಿನ ದಿನಗಳು ಮುಗಿದು ಮೊದಲ ಹನಿ ಬಿದ್ದಾಗ ರಸ್ತೆ ಹೇಗೆ ಜಾರುತ್ತದೆಂದು ಸ್ಕೂಟರ್ ಓಡಿಸುವ ಯಾರನ್ನು ಕೇಳಿದರೂ ಹೇಳುತ್ತಾರೆ. ವಾರಗಟ್ಟಲೆ ಕೂತ ಎಣ್ಣೆ, ಧೂಳು, ರಬ್ಬರಿನ ಪುಡಿ ಎಲ್ಲ ಒಮ್ಮೆಗೇ ಎದ್ದು ಚರಂಡಿಗೆ, ಚರಂಡಿಯಿಂದ ತೊರೆಗೆ ಇಳಿಯುತ್ತದೆ. ಮೀನನ್ನು ಸಮುದ್ರದಿಂದ ಕರೆಯುವುದೂ ಅದೇ ಮಳೆ.

ಇದನ್ನು ಸಾಬೀತು ಮಾಡಲು ಎತ್ತರದ ಹೆದ್ದಾರಿಯೊಂದರಿಂದ ಇಳಿಯುವ ಮಳೆನೀರನ್ನು ಹಿಡಿದು, ಸುಕ್ವಾಮಿಶ್ ಬುಡಕಟ್ಟಿನವರ ಮೀನು ಸಾಕಣೆ ಕೇಂದ್ರದಲ್ಲಿ ಬೆಳೆದ ಕೋಹೊಗಳನ್ನು ಅದರಲ್ಲಿ ಬಿಟ್ಟರು. ಮೀನುಗಳು ತೊರೆಯಲ್ಲಿ ಸತ್ತ ರೀತಿಯಲ್ಲೇ ಸತ್ತವು. ಆದರೆ ರಸ್ತೆನೀರಿನಲ್ಲಿ ಇರುತ್ತದೆಂದು ಗೊತ್ತಿದ್ದ ಲೋಹ ಮತ್ತು ಎಣ್ಣೆಯಂಶಗಳನ್ನು ಅಳೆದು ತೂಗಿ ಬೆರೆಸಿದ ನೀರಿನಲ್ಲಿ ಅವು ಸಾಯಲಿಲ್ಲ. ಕೊಲ್ಲುತ್ತಿದ್ದುದು ಪಟ್ಟಿಯಲ್ಲೇ ಇಲ್ಲದ ಇನ್ನೇನೋ. ಅದೇ ರಸ್ತೆನೀರನ್ನು ಮರಳು, ಕಾಂಪೋಸ್ಟ್, ತೊಗಟೆಚೂರುಗಳ ಪದರದ ಮೂಲಕ ಇಳಿಸಿದಾಗ ಎಲ್ಲ ಮೀನೂ ಬದುಕಿದವು. 2016ರಲ್ಲಿ ಪ್ರಕಟವಾದ ಈ ಫಲಿತಾಂಶ ಎಷ್ಟು ದೊಡ್ಡದು ನೋಡಿ. ವಿಷದ ಹೆಸರು ತಿಳಿಯುವ ಮೊದಲೇ ಮದ್ದು ಕೈಗೆ ಸಿಕ್ಕಿತ್ತು.

ಹೆಸರು ಹುಡುಕುವ ಕೆಲಸ ಹಿಡಿದವರು ಟಕೋಮಾದಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಎಡ್ ಕೊಲೊಜೀ, ಅವರ ಪ್ರಯೋಗಾಲಯದ ರಸಾಯನ ವಿಜ್ಞಾನಿ ಜೆನ್ಯು ಟಿಯಾನ್, ಮತ್ತು ಮೀನಿನ ಪರೀಕ್ಷೆಗಳನ್ನು ನಡೆಸಿದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದ ಜೆನಿಫರ್ ಮ್ಯಾಕಿಂಟೈರ್. ಮೀನು ಸತ್ತ ತೊರೆಗಳ ನೀರನ್ನು ಸೂಕ್ಷ್ಮವಾಗಿ ಹೋಲಿಸಿದಾಗ ಅದರ ರಾಸಾಯನಿಕ ಗುರುತು ಟೈರು ನೆನೆಸಿದ ನೀರನ್ನು ಹೋಲುತ್ತಿತ್ತು. ಸರಿ, ಹೊಸ ಹಳೆಯ ಟೈರುಗಳನ್ನು ತಂದು, ಗಿಣ್ಣು ತುರಿಯುವ ತುರಿಮಣೆಯಂಥ ಸಾಧನದಲ್ಲಿ ಕೊಬ್ಬರಿಯಂತೆ ತುರಿದು, ಆ ತುರಿಯ ಮೂಲಕ ನೀರು ಹರಿಸಿದರು. ಆ ನೀರಿಗೆ ಬಿಟ್ಟ ಕೋಹೊ ಮರಿಗಳು ಸತ್ತವು.

ಆ ನೀರಿನಲ್ಲಿದ್ದದ್ದು 2,000ಕ್ಕೂ ಹೆಚ್ಚು ರಾಸಾಯನಿಕಗಳು. ಟಿಯಾನ್ ಮಾಡಿದ್ದು ಅಕ್ಕಿ ಕೇರುವಂಥ ಕೆಲಸ. ಕಣಗಳನ್ನು ಸೋಸಿ ತೆಗೆದರು, ಉಳಿದ ನೀರು ಮೀನನ್ನು ಕೊಂದಿತು. ಲೋಹಗಳನ್ನು ಕಟ್ಟಿಹಾಕಿದರು, ಆಗಲೂ ಕೊಂದಿತು. ಗುಣಕ್ಕೆ ತಕ್ಕಂತೆ ನೀರನ್ನು ಪಾಲು ಮಾಡುವುದು, ಪ್ರತಿ ಪಾಲಿಗೂ ಮರಿಮೀನು ಬಿಡುವುದು, ಕೊಂದ ಪಾಲನ್ನು ಮತ್ತೆ ಒಡೆಯುವುದು. ಕೊನೆಗೆ ಬೆರಳೆಣಿಕೆಯಷ್ಟು ವಸ್ತುಗಳು ಉಳಿದವು. ಅದರಲ್ಲಿ ಒಂದೇ ಎದ್ದು ಕಾಣುತ್ತಿತ್ತು. 18 ಕಾರ್ಬನ್, 22 ಹೈಡ್ರೋಜನ್, 2 ನೈಟ್ರೋಜನ್, 2 ಆಕ್ಸಿಜನ್. ಈ ಸೂತ್ರದ ವಸ್ತುವೊಂದನ್ನು ಟೈರಿಗೆ ಹಾಕುತ್ತಾರೆಂದು ಎಲ್ಲೂ ದಾಖಲೆಯಿಲ್ಲ.

ಹುಡುಕಾಟ ಅಲ್ಲಿ ಕಟ್ಟಿಕೊಂಡಿತು. ಬಿಡಿಸಿದ್ದು ಒಂದು ಸರಳ ಯೋಚನೆ. ಹೊರಗಿನ ಗಾಳಿ-ನೀರಿಗೆ ಬಿದ್ದ ವಸ್ತು ಹಾಗೆಯೇ ಇರುವುದಿಲ್ಲ; ಆಕ್ಸಿಜನ್ ಸೇರುತ್ತದೆ, ಹೈಡ್ರೋಜನ್ ಕಳಚುತ್ತದೆ. ಹಾಗಾದರೆ ಕಾರ್ಬನ್ ಮತ್ತು ನೈಟ್ರೋಜನ್ ಎಣಿಕೆಯನ್ನಷ್ಟೇ ಹಿಡಿದು ಟೈರಿನ ರಾಸಾಯನಿಕಗಳ ಪಟ್ಟಿ ನೋಡಿದರೆ? ಟಿಯಾನ್ ಹಾಗೆ ನೋಡಿದಾಗ ಸಿಕ್ಕಿತು 6ಪಿಪಿಡಿ: 18 ಕಾರ್ಬನ್, 24 ಹೈಡ್ರೋಜನ್, 2 ನೈಟ್ರೋಜನ್. ಗಾಳಿಯಲ್ಲಿರುವ ಓಝೋನ್ ರಬ್ಬರನ್ನು ಬಿರುಕು ಬಿಡಿಸುತ್ತದೆ. ಅದನ್ನು ತಡೆಯಲು 1960ರ ದಶಕದಿಂದ ಟೈರಿಗೆ ಬೆರೆಸುತ್ತ ಬಂದ ಕಾವಲುಗಾರ ಇದು. ಟೈರಿನ ಒಳಗಿಂದ ನಿಧಾನವಾಗಿ ಮೇಲ್ಮೈಗೆ ಬಂದು, ರಬ್ಬರಿಗಿಂತ ಮೊದಲು ತಾನೇ ಓಝೋನಿಗೆ ಎದೆಯೊಡ್ಡುತ್ತದೆ. ಹಾಗೆ ಒಡ್ಡಿಕೊಂಡ ಮೇಲೆ ಏನಾಗಿ ಮಾರ್ಪಡುತ್ತದೆ, ಅದು ಎಲ್ಲಿಗೆ ಹರಿಯುತ್ತದೆ ಎಂಬುದರ ಕಡೆ ಯಾರ ಗಮನವೂ ಸಾಕಷ್ಟು ಹೋಗಿರಲಿಲ್ಲ. 6ಪಿಪಿಡಿ ತರಿಸಿ ಓಝೋನ್ ಹಾಯಿಸಿದಾಗ ಹುಟ್ಟಿದ ವಸ್ತು ತೊರೆಯ ವಿಷಕ್ಕೆ ಸರಿಹೊಂದಿತು, ಮೀನನ್ನೂ ಕೊಂದಿತು. ಅದಕ್ಕೆ 6ಪಿಪಿಡಿ-ಕ್ವಿನೋನ್ ಎಂದು ಹೆಸರಿಟ್ಟರು. 2020ರ ಡಿಸೆಂಬರಿನಲ್ಲಿ ‘ಸೈನ್ಸ್’ ಪತ್ರಿಕೆ ಇದನ್ನು ಪ್ರಕಟಿಸಿತು.

ಆಗಿನ ಅಂದಾಜಿನಂತೆ ಲೀಟರಿಗೆ 0.8 ಮೈಕ್ರೋಗ್ರಾಂ ಇದ್ದರೆ ಅರ್ಧದಷ್ಟು ಕೋಹೊ ಸಾಯುತ್ತಿದ್ದವು. ಶುದ್ಧ ವಸ್ತು ಮಾರುಕಟ್ಟೆಯಲ್ಲಿ ಸಿಗತೊಡಗಿದ ಮೇಲೆ ಮತ್ತೆ ಅಳೆದು, 2022ರಲ್ಲಿ ಅದೇ ತಂಡ ತನ್ನ ಲೆಕ್ಕವನ್ನು ತಾನೇ ತಿದ್ದಿತು: 0.095 ಮೈಕ್ರೋಗ್ರಾಂ. ಅಂದರೆ ಈ ವಿಷ ಒಂದೇ ಒಂದು ಗ್ರಾಂ ಸಾಕು, 10,000 ಲೀಟರಿನ ಸಾವಿರ ಟ್ಯಾಂಕರ್ ನೀರನ್ನು ಕೋಹೊಗಳ ಪಾಲಿಗೆ ಅಷ್ಟು ಕೆಡಿಸಲು. ವಿಚಿತ್ರವೆಂದರೆ ಅದೇ ರಸ್ತೆನೀರಿನಲ್ಲಿ ಕೋಹೊದ ಹತ್ತಿರದ ನೆಂಟ ಚಮ್ ಸಾಲ್ಮನ್ ಏನೂ ಆಗದಂತೆ ಈಜುತ್ತದೆ. ಚಮ್ ಮೀನನ್ನಷ್ಟೇ ನೋಡಿ ತೊರೆಗೆ ಅಂಕ ಕೊಟ್ಟಿದ್ದರೆ ಎಲ್ಲವೂ ಸರಿಯಿದೆ ಎಂದೇ ಬರೆದುಕೊಳ್ಳುತ್ತಿದ್ದರು.

2023ರಲ್ಲಿ ಯೂರೋಕ್, ಪೋರ್ಟ್ ಗ್ಯಾಂಬಲ್ ಸ್‌ಕ್ಲಾಲಮ್, ಪ್ಯುಯಾಲಪ್ ಎಂಬ ಮೂರು ಮೂಲನಿವಾಸಿ ಬುಡಕಟ್ಟುಗಳು ಟೈರಿನಲ್ಲಿ 6ಪಿಪಿಡಿ ಬಳಕೆಗೆ ಕಡಿವಾಣ ಹಾಕಿ ಎಂದು ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಗೆ ಅರ್ಜಿ ಕೊಟ್ಟವು. ಅರ್ಜಿಯನ್ನು ಸಂಸ್ಥೆ ಅದೇ ವರ್ಷದ ನವೆಂಬರಿನಲ್ಲಿ ಒಪ್ಪಿಕೊಂಡು ಪರಿಶೀಲನೆಗೆ ಎತ್ತಿಕೊಂಡಿತು. ಟೈರು ಬಿರುಕು ಬಿಟ್ಟರೆ ಮನುಷ್ಯರ ಜೀವಕ್ಕೇ ಕುತ್ತು. ಹಾಗಾಗಿ ಬದಲಿ ವಸ್ತುವಿನ ಹುಡುಕಾಟ ಹೇಳಿದಷ್ಟು ಸುಲಭವಲ್ಲ. ಅಲ್ಲಿಯವರೆಗೆ ಮರಳು ಮತ್ತು ಕಾಂಪೋಸ್ಟ್ ತುಂಬಿದ ಗುಂಡಿಗಳನ್ನು ರಸ್ತೆಬದಿಯಲ್ಲಿ ತೋಡಿ, ಚರಂಡಿಯ ನೀರನ್ನು ಅದರ ಮೇಲೆ ತಿರುಗಿಸಬಹುದು. ಲಾಂಗ್‌ಫೆಲೋ ದಡದಲ್ಲಿ ಮಳೆಗಾಲ ಬಂತೆಂದರೆ ಸ್ವಯಂಸೇವಕರು ಬೂಟು ಹಾಕಿಕೊಂಡು ನೀರಿಗಿಳಿಯುತ್ತಾರೆ, ಸತ್ತ ಹೆಣ್ಣುಮೀನನ್ನು ಎತ್ತಿ ಹೊಟ್ಟೆ ಸೀಳಿ, ಮೊಟ್ಟೆ ಉಳಿದಿದೆಯೇ ಎಂದು ನೋಡುತ್ತಾರೆ.